ಗುರುವರೇಣ್ಯ ವೆಂಕಣ್ಣಯ್ಯನವರು

ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದಲ್ಲಿ 1885ರಲ್ಲಿ ಜನಿಸಿದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ಮಹಾರಾಜಾ ಕಾಲೇಜಿನ ಕನ್ನಡ ಪ್ರಾಧ್ಯಾಪಕರಾಗಿ ನಾಡಿಗೆ ಪೂಜ್ಯರಾದರು. ಇಂಗ್ಲಿಷ್ ಬಲ್ಲವನಿಗೆ ಮನ್ನಣೆಯೂ ಕನ್ನಡ ಬಲ್ಲವನಿಗೆ ಉಪೇಕ್ಷೆಯೂ ಸಲ್ಲುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ತರುಣರ ಮನಸ್ಸನ್ನು ತಾಯ್ನುಡಿಯ ಕಡೆಗೆ ತಿರುಗಿಸುವುದು ಸುಲಭಸಾಧ್ಯವಾಗಿರಲಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾಯಿತು. ಬಿ. ಎ. ಮುಗಿಸಿದ್ದ ಕೆ. ವಿ. ಪುಟ್ಟಪ್ಪನವರ ಒಲವು ತತ್ತ್ವಶಾಸ್ತ್ರದ ಕಡೆಗಿತ್ತು. ಶಿಷ್ಯನ ಪ್ರತಿಭೆಯನ್ನು ಅರಿತ ವೆಂಕಣ್ಣಯ್ಯನವರು ಅವರನ್ನು ಕನ್ನಡಕ್ಕೆ ಒಲಿಸಿದರು. ಹಿಂದೆ ಯಾರೂ ನಡೆದಿರದ ದಾರಿಯಲ್ಲಿ ಒಬ್ಬ ತರುಣನ ಬಾಳನ್ನು ತೊಡಗಿಸುವ ಹೊಣೆ ಸಾಮಾನ್ಯವಾದುದಲ್ಲ. ಆ ಹೊಣೆಯನ್ನು ಅವರು ವಾತ್ಸಲ್ಯದಿಂದ ಹೊತ್ತರು.

ಹರಿಹರ ಮಹಾಕವಿಯ ಬಸವರಾಜದೇವರ ರಗಳೆಯನ್ನು ಸಂಪಾದಿಸಿ ಅವರು ಶರಣಸಾಹಿತ್ಯಕ್ಕೂ ಉಪಕಾರ ಮಾಡಿದರು. ಆದರೆ ಅವರ ಸ್ವಂತ ಬರಹ ಸ್ವಲ್ಪವೇ. ಪಾಂಡಿತ್ಯದ ಬಹುಭಾಗವನ್ನು ಅವರು ವಿದ್ಯಾರ್ಥಿಗಳಿಗೇ ಧಾರೆಯೆರೆದರು.

1939ರಲ್ಲಿ ಅವರು ಶಿವೈಕ್ಯರಾದಾಗ ವಯಸ್ಸು ಇನ್ನೂ ಅರುವತ್ತು ತುಂಬಿರಲಿಲ್ಲ. ಹತ್ತು ವರ್ಷಗಳ ಅನಂತರ, 1949ರಲ್ಲಿ, ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯದ ಮೊದಲ ಸಂಪುಟ ಬೆಳಕು ಕಂಡಿತು. ಕವಿ ಅದನ್ನು ಅರ್ಪಿಸಿದುದು ಈ ಗುರುವಿಗೇ. ಅಚ್ಚಾದ ಆ ಕೃತಿಯನ್ನು ನೋಡುವ ಭಾಗ್ಯ ಗುರುವಿಗೆ ಒದಗಲಿಲ್ಲ.

ಬಿತ್ತಿದವನು ಫಲವನ್ನು ಕಾಣದೆ ಹೋಗಬಹುದು. ಹಾಗೆಂದು ಬಿತ್ತನೆಯಲ್ಲಿ ಲೋಪ ಮಾಡಬಾರದೆಂಬುದೇ ಈ ಪುಣ್ಯಜೀವನವು ಅಧ್ಯಾಪಕವರ್ಗಕ್ಕೆ ಕಲಿಸುವ ಪಾಠವಾಗಿದೆ.