ಮೊಲದ ಕಿವಿಗೆ ಡಾಂಬರು ಬಳಿದ ಯಮಗಿವಾ

ಸೌದೆ, ಕಲ್ಲಿದ್ದಲುಗಳು ಬೆಂದ ಮೇಲೆ ಉಳಿಯುವ ಮಸಿ ಮತ್ತು ಡಾಂಬರು ದೇಹಕ್ಕೆ ಕೇಡು ಬಗೆಯುತ್ತವೆ ಎಂಬ ಅನುಮಾನ ಬಹಳ ಹಳೆಯದು. 1775ರಲ್ಲಿಯೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಬಾಲ್ಯದಲ್ಲಿ ಚಿಮಣಿಗಳೊಳಗೆ ಇಳಿದು ಮಸಿ ಕೆರೆದವರಿಗೆ ಮುಂದೆ ವೃಷಣಚೀಲದ ಕ್ಯಾನ್ಸರ್ ತಗಲುವುದನ್ನು ಗುರುತಿಸಿದ್ದರು. ಆದರೆ ಗುರುತಿಸುವುದು ಬೇರೆ, ರುಜುವಾತುಪಡಿಸುವುದು ಬೇರೆ. ರುಜುವಾತಿಗೆ 140 ವರ್ಷಗಳೇ ಹಿಡಿದವು. ಅದನ್ನು ಒದಗಿಸಿದವರು ಜಪಾನಿನ ಕಟ್ಸುಸಬುರೊ ಯಮಗಿವಾ.

1863ರಲ್ಲಿ, ಇಂದಿನ ನಾಗಾನೊ ಪ್ರಾಂತದ ಉಯೆಡಾ ಪಟ್ಟಣದಲ್ಲಿ, ಬಡ ಸಮುರಾಯ್ ಕುಟುಂಬವೊಂದರ ಮೂರನೆಯ ಮಗನಾಗಿ ಯಮಗಿವಾ ಹುಟ್ಟಿದರು. ಸಮುರಾಯ್‌ಗಳ ಕಾಲ ಮುಗಿಯುತ್ತ ಬಂದಿತ್ತು. ಟೋಕಿಯೊದ ವೈದ್ಯರೊಬ್ಬರು ಹುಡುಗನನ್ನು ದತ್ತು ಪಡೆದು, ಮನೆಯ ಹೆಸರನ್ನೂ ಮಗಳನ್ನೂ ಕೊಟ್ಟರು. ಅಳಿಯನೇ ದತ್ತುಪುತ್ರನಾಗುವುದು ಅಲ್ಲಿ ಅಪರೂಪದ ಪದ್ಧತಿಯೇನಲ್ಲ. 1888ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ ಯಮಗಿವಾ, 1892ರಲ್ಲಿ ಜರ್ಮನಿಗೆ ತೆರಳಿದರು. ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಅವರ ಬಳಿ ಕಲಿತ ಬಳಿಕ ರುಡಾಲ್ಫ್ ವಿರ್ಶೋ ಅವರ ಶಿಷ್ಯರಾದರು. ದೀರ್ಘಕಾಲದ ಕೆರಳಿಕೆಯೇ ಕ್ಯಾನ್ಸರಿಗೆ ಮೂಲ ಎಂಬುದು ವಿರ್ಶೋ ಅವರ ವಾದ. ಆ ಮಾತು ಶಿಷ್ಯನ ತಲೆಯಲ್ಲಿ ಬೇರೂರಿತು.

1895ರಲ್ಲಿ ಯಮಗಿವಾ ಟೋಕಿಯೊದಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. ನಾಲ್ಕೇ ವರ್ಷಗಳಲ್ಲಿ ಕ್ಷಯ ಅಂಟಿಕೊಂಡಿತು. ಅಂದಿಗೆ ಆ ರೋಗಕ್ಕೆ ಮದ್ದಿರಲಿಲ್ಲ. ಉಳಿದ ಮೂರು ದಶಕಗಳನ್ನು ಅವರು ಕೆಮ್ಮುತ್ತ, ಆಗಾಗ ಹಾಸಿಗೆ ಹಿಡಿಯುತ್ತ ಕಳೆದರು. ಆದರೂ 1905ರಲ್ಲಿ ಜಠರದ ಕ್ಯಾನ್ಸರಿನ ಉಗಮ ಕುರಿತ ಗ್ರಂಥ ಹೊರತಂದರು. 1907ರಲ್ಲಿ ಕ್ಯಾನ್ಸರಿಗೇ ಮೀಸಲಾದ 'ಗಾನ್' ಎಂಬ ನಿಯತಕಾಲಿಕವನ್ನು ಆರಂಭಿಸಿದರು.

ಹೆಸರು ತಂದುಕೊಟ್ಟ ಪ್ರಯೋಗ ನೋಡಲು ತೀರ ಸರಳ. ಕಲ್ಲಿದ್ದಲನ್ನು ಗಾಳಿ ಸೋಕದಂತೆ ಕಾಯಿಸಿದಾಗ ದೊರೆಯುವ ಡಾಂಬರನ್ನು ಮೊಲದ ಕಿವಿಯ ಒಳಮೈಗೆ ಬಳಿಯುವುದು, ಎರಡು ಮೂರು ದಿನ ಬಿಟ್ಟು ಮತ್ತೆ ಬಳಿಯುವುದು, ಹೀಗೇ ಮುಂದುವರಿಸುವುದು. ಯುರೋಪಿನಲ್ಲಿ ಇಂಥ ಪ್ರಯತ್ನಗಳು ಹಿಂದೆಯೂ ನಡೆದು ವಿಫಲವಾಗಿದ್ದವು. ಯಮಗಿವಾ ಗೆದ್ದದ್ದು ಹಟದಿಂದ. ಅನಾರೋಗ್ಯದಿಂದ ಬಳಲುತ್ತಿದ್ದ ಅವರಿಗೆ ಕೈಯಾದವರು ಕೊಯಿಚಿ ಇಚಿಕಾವಾ. ಸಪ್ಪೊರೊದಲ್ಲಿ ಪಶುವೈದ್ಯಕೀಯ ಓದಿ 1913ರಲ್ಲಿ ಪ್ರಯೋಗಾಲಯ ಸೇರಿದ ತರುಣ. ಮೊಲಗಳನ್ನು ಸಾಕಿ, ಡಾಂಬರು ಹಚ್ಚಿ, ದಿನದಿನದ ಬದಲಾವಣೆಯನ್ನು ಗಮನಿಸಿದ ಶ್ರಮ ಬಹುಪಾಲು ಇವರದೇ. ಜನಪ್ರಿಯ ಕಥನಗಳಲ್ಲಿ ಇವರ ಹೆಸರು ಬಿಟ್ಟುಹೋಗುವುದು ನ್ಯಾಯವಲ್ಲ.

ತಿಂಗಳುಗಳು ಉರುಳಿದವು. ಮೊದಲು ಕಾಣಿಸಿದ್ದು ನರುಲಿಯಂಥ ಗಂಟುಗಳು. ಬಳಿಯುವುದು ನಿಲ್ಲಲಿಲ್ಲ. 1915ರಲ್ಲಿ ಸೂಕ್ಷ್ಮದರ್ಶಕದಡಿ ಸಂಶಯಕ್ಕೆ ಎಡೆಯಿಲ್ಲದ ಕ್ಯಾನ್ಸರ್ ಕಂಡಿತು. ಕೃತಕವಾಗಿ, ರಾಸಾಯನಿಕವೊಂದರಿಂದ, ಪ್ರಾಣಿಯಲ್ಲಿ ಕ್ಯಾನ್ಸರ್ ಉಂಟುಮಾಡಿ ತೋರಿಸಿದ್ದು ಅದೇ ಮೊದಲು. ಹವ್ಯಾಸಿ ಹೈಕು ಕವಿಯಾಗಿದ್ದ ಯಮಗಿವಾ ಆ ಸಂಭ್ರಮವನ್ನೂ ಹೈಕುವಿಗಿಳಿಸಿದರು. 1919ರಲ್ಲಿ ಇಬ್ಬರಿಗೂ ಜಪಾನಿನ ಇಂಪೀರಿಯಲ್ ಅಕಾಡೆಮಿಯ ಪ್ರಶಸ್ತಿ ಸಂದಿತು.

ನೊಬೆಲ್ ಮಾತ್ರ ಕೈತಪ್ಪಿತು. ಹುಳುಗಳಿಂದ ಇಲಿಗಳ ಜಠರದಲ್ಲಿ ಕ್ಯಾನ್ಸರ್ ಉಂಟಾಗುತ್ತದೆಂದು 1913ರಲ್ಲಿ ಸಾರಿದ್ದ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗೆರ್ ಅವರಿಗೆ 1926ನೇ ಸಾಲಿನ ಬಹುಮಾನ ಹೋಯಿತು. ಯಮಗಿವಾ ಹೆಸರೂ ಸಮಿತಿಯ ಮುಂದಿತ್ತು. ಫಿಬಿಗೆರ್ ಕಂಡದ್ದು ನಿಜವಾದ ಕ್ಯಾನ್ಸರ್ ಅಲ್ಲ, ಆ ಇಲಿಗಳಿಗೆ ಎ ಜೀವಸತ್ವದ ಕೊರತೆಯಿತ್ತು ಎಂಬುದು 1952ರ ಮರುಪರೀಕ್ಷೆಯಲ್ಲಿ ಬಯಲಾಯಿತು. ಫಿಬಿಗೆರ್ ಮೋಸ ಮಾಡಿದವರಲ್ಲ. ಡಾಂಬರಿನ ಪ್ರಯೋಗವನ್ನು ತಾವೂ ಮಾಡಿ ನೋಡಿದ್ದವರು. ಎಡವಿದ್ದು ತೀರ್ಪು.

ಈ ಮರುಪರೀಕ್ಷೆಯ ಸುದ್ದಿ ಕೇಳಲು ಯಮಗಿವಾ ಇರಲಿಲ್ಲ. 1930ರ ಮಾರ್ಚ್ 2ರಂದು ನ್ಯುಮೋನಿಯಾದಿಂದ ತೀರಿಕೊಂಡಿದ್ದರು. ಡಾಂಬರಿನ ನೂರಾರು ಘಟಕಗಳಲ್ಲಿ ಅಪರಾಧಿ ಯಾವುದು ಎಂಬ ಪ್ರಶ್ನೆಯೂ ಆಗ ಬಾಕಿಯಿತ್ತು. ಲಂಡನ್ನಿನಲ್ಲಿ ಅರ್ನೆಸ್ಟ್ ಕೆನವೆ ಅವರ ತಂಡ ಎರಡು ಟನ್ ಡಾಂಬರಿನ ಗಷ್ಟನ್ನು ಬಟ್ಟಿಯಿಳಿಸಿ, 1933ರಲ್ಲಿ ಬೆಂಜೊಪೈರೀನ್ ಎಂಬ ವಸ್ತುವನ್ನು ಬೇರ್ಪಡಿಸಿತು. ದೇಹದ ಕಿಣ್ವಗಳೇ ಇದನ್ನು ಮಾರ್ಪಡಿಸಿ, ಡಿಎನ್ಎಗೆ ಅಂಟಿಕೊಳ್ಳುವ ರೂಪಕ್ಕೆ ತರುತ್ತವೆ ಎಂಬುದು ಆ ಮೇಲಿನ ಶೋಧ. ಸೌದೆ ಒಲೆಯ ಹೊಗೆ, ಸಿಗರೇಟು, ಡೀಸೆಲ್ ಮಸಿ, ಕರಕಲಾದ ಮಾಂಸ, ಎಲ್ಲದರಲ್ಲೂ ಅದಿದೆ.

ಇಂದು ಪರೀಕ್ಷೆಯ ಬಗೆ ಬದಲಾಗಿದೆ. ಕೃಷಿ ತ್ಯಾಜ್ಯ ಸುಟ್ಟು ತಯಾರಿಸಿದ ಜೈವಿಕ ಇದ್ದಿಲನ್ನು ಹೊಲಕ್ಕೆ ಹಾಕುವ ಮುನ್ನ ಬೆಂಜೊಪೈರೀನ್ ಸೇರಿದಂತೆ ಆ ವರ್ಗದ 16 ವಸ್ತುಗಳ ಪ್ರಮಾಣ ಅಳೆಯುವುದುಂಟು. ಮಣ್ಣಿನ ಎರೆಹುಳು, ನೀರಿನ ಡಾಫ್ನಿಯಾ, ಮೊಳಕೆಯೊಡೆಯುವ ಬೀಜ, ಬ್ಯಾಕ್ಟೀರಿಯಾಗಳ ಮೇಲೆ ಅದರ ಪರಿಣಾಮವನ್ನು ನೋಡಲಾಗುತ್ತದೆ. ವರ್ಷಗಟ್ಟಲೆ ಕಾಯಬೇಕಾಗಿಲ್ಲ.

ಉಯೆಡಾದ ಕೋಟೆಯ ಉದ್ಯಾನದಲ್ಲಿ ಯಮಗಿವಾ ಪ್ರತಿಮೆಯಿದೆ. ಗಂಟು ಮೂಡಿದ ಮೊಲದ ಕಿವಿಯನ್ನು ಟೋಕಿಯೊ ವಿಶ್ವವಿದ್ಯಾಲಯ ಜೋಪಾನವಾಗಿ ಉಳಿಸಿಕೊಂಡಿದೆ.