ಜಾನ್ ಪೀಟರ್ ಆಲ್ಟ್‌ಗೆಲ್ಡ್

ಜಾನ್ ಪೀಟರ್ ಆಲ್ಟ್‌ಗೆಲ್ಡ್ (ಡಿಸೆಂಬರ್ 30, 1847 - ಮಾರ್ಚ್ 12, 1902) ಅಮೆರಿಕದ ನ್ಯಾಯವಾದಿ, ರಾಜಕಾರಣಿ; 1893ರಿಂದ 1897ರವರೆಗೆ ಇಲಿನಾಯ್ ರಾಜ್ಯದ ಗವರ್ನರ್. ಅಮೆರಿಕದ ಗವರ್ನರ್ ಭಾರತದ ರಾಜ್ಯಪಾಲರಂತೆ ನೇಮಕಗೊಂಡವನಲ್ಲ, ಜನರಿಂದ ನೇರವಾಗಿ ಚುನಾಯಿತನಾಗಿ ಆಡಳಿತ ನಡೆಸುವವನು. ಹೇಮಾರ್ಕೆಟ್ ಪ್ರಕರಣದ ಕೈದಿಗಳಿಗೆ ಕ್ಷಮಾದಾನ ನೀಡಿದ್ದಕ್ಕಾಗಿ ಈತ ಪ್ರಸಿದ್ಧ.

ಆರಂಭಿಕ ಜೀವನ

ಜರ್ಮನಿಯ ನೀಡರ್‌ಸೆಲ್ಟರ್ಸ್ ಗ್ರಾಮದಲ್ಲಿ ಜನಿಸಿದ. ಈತ ಕೂಸಾಗಿದ್ದಾಗಲೇ ತಂದೆತಾಯಿಗಳು ಓಹಾಯೊ ರಾಜ್ಯಕ್ಕೆ ವಲಸೆ ಬಂದು ಬೇಸಾಯಕ್ಕೆ ನಿಂತರು. ಹದಿನಾರನೆಯ ವಯಸ್ಸಿನಲ್ಲಿ ಅಂತರ್ಯುದ್ಧದ ಉತ್ತರ ಪಕ್ಷದ ಸೈನ್ಯ ಸೇರಿದ. ಅನಂತರ ರೈಲುಮಾರ್ಗದ ಕೂಲಿಯಾಗಿ, ಉಪಾಧ್ಯಾಯನಾಗಿ ದುಡಿದು, ಕಾನೂನು ಓದಿ ಮಿಸೌರಿಯಲ್ಲಿ ವಕೀಲನಾದ. 1875ರಲ್ಲಿ ಶಿಕಾಗೊ ನಗರಕ್ಕೆ ಬಂದು ನಿವೇಶನ, ಕಟ್ಟಡಗಳ ವ್ಯವಹಾರದಲ್ಲಿ ಸಿರಿವಂತನಾದ. ದಂಡನಾ ವ್ಯವಸ್ಥೆಯ ಭಾರವೆಲ್ಲ ಬಡವರ ಮೇಲೆಯೇ ಬೀಳುತ್ತದೆಂದು ವಾದಿಸುವ ಗ್ರಂಥವೊಂದನ್ನು 1884ರಲ್ಲಿ ಪ್ರಕಟಿಸಿದ. 1886ರಲ್ಲಿ ನ್ಯಾಯಾಧೀಶನಾಗಿ ಆಯ್ಕೆಯಾದ.

ಹೇಮಾರ್ಕೆಟ್ ಕ್ಷಮಾದಾನ

1886ರ ಮೇ 4ರಂದು ಶಿಕಾಗೊದ ಹೇಮಾರ್ಕೆಟ್ ಚೌಕದಲ್ಲಿ ಕಾರ್ಮಿಕರ ಸಭೆಯನ್ನು ಚದುರಿಸಲು ಬಂದ ಪೊಲೀಸರ ಮೇಲೆ ಬಾಂಬು ಬಿದ್ದಿತು. ಎಸೆದವನು ಯಾರೆಂಬುದು ಇಂದಿಗೂ ತಿಳಿದಿಲ್ಲ. ಆದರೂ ಎಂಟು ಮಂದಿ ಅರಾಜಕತಾವಾದಿಗಳು ಅಪರಾಧಿಗಳೆಂದು ತೀರ್ಪಾಯಿತು. 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಇನ್ನೊಬ್ಬ ಅದರ ಹಿಂದಿನ ದಿನ ಸೆರೆಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ಸ್ಯಾಮ್ಯುಯೆಲ್ ಫೀಲ್ಡನ್, ಮೈಕೆಲ್ ಶ್ವಾಬ್ ಮತ್ತು ಆಸ್ಕರ್ ನೀಬೆ ಸೆರೆಯಲ್ಲಿ ಉಳಿದರು.

ಕೈದಿಗಳು ಸಾಕಷ್ಟು ಶಿಕ್ಷೆ ಅನುಭವಿಸಿದ್ದಾರೆ, ಇನ್ನು ದಯೆ ತೋರಬೇಕು ಎಂಬುದು ಹಲವು ಗಣ್ಯರ ಮನವಿಯಾಗಿತ್ತು. ಅಷ್ಟಕ್ಕೇ ನಿಂತಿದ್ದರೆ ಆಲ್ಟ್‌ಗೆಲ್ಡ್‌ಗೆ ಹೆಚ್ಚಿನ ತೊಂದರೆಯಾಗುತ್ತಿರಲಿಲ್ಲ. ಆದರೆ ಆತ ದಯೆಯ ಮಾತನ್ನು ಬದಿಗಿಟ್ಟು ವಿಚಾರಣೆಯ ದಾಖಲೆಗಳನ್ನೇ ಪರಿಶೀಲಿಸಿದ. ಶಿಕ್ಷೆಯಾಗಲೆಂದೇ ಜ್ಯೂರಿಯನ್ನು ಆರಿಸಲಾಗಿತ್ತು, ನ್ಯಾಯಾಧೀಶ ಜೋಸೆಫ್ ಗ್ಯಾರಿ ಪೂರ್ವಗ್ರಹದಿಂದ ವರ್ತಿಸಿದ್ದ, ಬಾಂಬೆಸೆದವನಿಗೂ ಆರೋಪಿಗಳಿಗೂ ಸಂಬಂಧವಿತ್ತೆಂಬುದು ಸಿದ್ಧವಾಗಿರಲಿಲ್ಲ ಎಂದು ಕಾರಣಗಳನ್ನು ಬರೆದು 1893ರ ಜೂನ್ 26ರಂದು ಮೂವರನ್ನೂ ಬಿಡುಗಡೆ ಮಾಡಿದ. ಪತ್ರಿಕೆಗಳು ಇವನನ್ನೇ ಅರಾಜಕತಾವಾದಿಯೆಂದು ಜರೆದವು.

ಆಡಳಿತ ಮತ್ತು ಸೋಲು

ಅದೇ ವರ್ಷ ಜಾರಿಗೆ ಬಂದ ಕಾರ್ಖಾನೆ ಕಾಯಿದೆ ಬಾಲಕಾರ್ಮಿಕ ಪದ್ಧತಿಯನ್ನು ನಿರ್ಬಂಧಿಸಿ, ಮಹಿಳೆಯರ ದುಡಿಮೆಯನ್ನು ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿತು. ಫ್ಲಾರೆನ್ಸ್ ಕೆಲಿಯನ್ನು ಮುಖ್ಯ ಕಾರ್ಖಾನೆ ನಿರೀಕ್ಷಕಿಯಾಗಿ ನೇಮಿಸಿದ. ಎಂಟು ಗಂಟೆಯ ನಿಯಮವನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1895ರಲ್ಲಿ ರದ್ದುಗೊಳಿಸಿತು.

1894ರ ಪುಲ್‌ಮನ್ ರೈಲ್ವೆ ಮುಷ್ಕರದಲ್ಲಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಗವರ್ನರನ ಕೋರಿಕೆಯಿಲ್ಲದೆಯೇ ಶಿಕಾಗೊಗೆ ಕೇಂದ್ರದ ಸೈನ್ಯ ಕಳುಹಿಸಿದ. ಸ್ವಪಕ್ಷದವನೇ ಆದ ಅಧ್ಯಕ್ಷನನ್ನು ಆಲ್ಟ್‌ಗೆಲ್ಡ್ ಬಹಿರಂಗವಾಗಿ ಪ್ರತಿಭಟಿಸಿದ. 1896ರ ಡೆಮಾಕ್ರಟಿಕ್ ಸಮ್ಮೇಳನದಲ್ಲಿ ಈತನ ಪ್ರಭಾವ ಬಲವಾಗಿತ್ತಾದರೂ ವಿದೇಶದಲ್ಲಿ ಹುಟ್ಟಿದ್ದರಿಂದ ಅಧ್ಯಕ್ಷಪದವಿಗೆ ಅರ್ಹನಾಗಿರಲಿಲ್ಲ. ಆ ವರ್ಷ ಗವರ್ನರ್ ಚುನಾವಣೆಯಲ್ಲಿ ಸೋತ. ಸೋಲಿಗೆ ಕ್ಷಮಾದಾನವೊಂದೇ ಕಾರಣವೆನ್ನಲಾಗದು. ರಿಪಬ್ಲಿಕನ್ ಪಕ್ಷ ಅಂದು ದೇಶಾದ್ಯಂತ ಗೆದ್ದಿತ್ತು.

ಕೊನೆಯ ವರ್ಷಗಳು

ಗಳಿಸಿದ ಸಂಪತ್ತೆಲ್ಲ ಕರಗಿತು. 1899ರಲ್ಲಿ ಶಿಕಾಗೊ ಮೇಯರ್ ಸ್ಥಾನಕ್ಕೂ ಸ್ಪರ್ಧಿಸಿ ಸೋತ. ಬಳಿಕ ಕ್ಲಾರೆನ್ಸ್ ಡ್ಯಾರೋ ಜೊತೆ ವಕೀಲಿ ನಡೆಸಿದ. ಜೋಲಿಯೆಟ್ ಪಟ್ಟಣದಲ್ಲಿ ದಕ್ಷಿಣ ಆಫ್ರಿಕದ ಬೋಯರರ ಪರ ಭಾಷಣ ಮಾಡಿದ ಮರುದಿನ ನಿಧನನಾದ. ಶಿಕಾಗೊದ ಲಿಂಕನ್ ಉದ್ಯಾನದಲ್ಲಿ 1915ರಲ್ಲಿ ಸ್ಥಾಪಿತವಾದ ಇವನ ಪ್ರತಿಮೆಯನ್ನು ಗಟ್ಜನ್ ಬೋರ್ಗ್ಲಮ್ ರೂಪಿಸಿದ.