ದೂರವಾಣಿ ತಂತಿಯಿಂದ ಸಭಾಂಗಣದವರೆಗೆ: ಅತುಲ್ ಚಿಟ್ನಿಸ್ ಎಂಬ ಬೆಸುಗೆಗಾರ

ಯಲಹಂಕ ದಾಟಿ ದೊಡ್ಡಬಳ್ಳಾಪುರದ ಹಾದಿಯಲ್ಲಿ ಸಾಗಿದರೆ ಸಿಗುವ ರಾಜಾನುಕುಂಟೆ ಇಂದು ವಿದ್ಯಾರ್ಥಿಗಳ ಊರೂ ಹೌದು. ಇಲ್ಲಿನ ಕಾಲೇಜುಗಳಲ್ಲಿ ಗಣಕ ವಿಜ್ಞಾನ ಓದುವ ತರುಣನಿಗೆ ಪ್ರೋಗ್ರಾಮಿನ ಒಂದು ಸಾಲು ಕೈಕೊಟ್ಟರೆ ಆತ ಜೇಬಿನಲ್ಲಿರುವ ಫೋನ್ ತೆಗೆದು ಉತ್ತರ ಹುಡುಕಿಕೊಳ್ಳುತ್ತಾನೆ. ಉತ್ತರ ಬರೆದಿಟ್ಟವರು ಯಾರು, ಯಾವ ದೇಶದವರು, ಏಕೆ ಬರೆದರು ಎಂಬ ವಿಚಾರಣೆಗೆ ಆತನಿಗೆ ಪುರುಸೊತ್ತಿಲ್ಲ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಬಿಟ್ಟಿಯಾಗಿ ಹೇಳಿಕೊಡುವ ಈ ಪರಿಪಾಠ ಬೆಂಗಳೂರಿನಲ್ಲಿ ಬೇರೂರಲು ಒಂದು ತಲೆಮಾರಿನ ದುಡಿಮೆ ಬೇಕಾಯಿತು. ಆ ದುಡಿಮೆಯ ಮುಂಚೂಣಿಯಲ್ಲಿದ್ದ ಹೆಸರು ಅತುಲ್ ಚಿಟ್ನಿಸ್.

ಚಿಟ್ನಿಸ್ ಅವರು ಜನಿಸಿದ್ದು 1962ರ ಫೆಬ್ರವರಿ 20ರಂದು, ಜರ್ಮನಿಯ ಬರ್ಲಿನ್ ನಗರದಲ್ಲಿ. ಹುಟ್ಟಿದ್ದು ಅಲ್ಲಾದರೂ ಅವರನ್ನು ಇಂಜಿನಿಯರ್ ಆಗಿ ರೂಪಿಸಿದ್ದು ಕರ್ನಾಟಕದ ಬೆಳಗಾವಿ. ಅಲ್ಲಿನ ಗೋಗಟೆ ತಾಂತ್ರಿಕ ಸಂಸ್ಥೆಯಲ್ಲಿ ಅವರು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದರು. ಆದರೆ ಅವರ ಮನಸ್ಸು ಒಲಿದದ್ದು ಗಣಕಗಳ ಕಡೆಗೆ, ಅದರಲ್ಲೂ ಒಂದು ಗಣಕ ಇನ್ನೊಂದರೊಡನೆ ಮಾತನಾಡುವ ವಿದ್ಯೆಯ ಕಡೆಗೆ. ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ಅದೇ ಅವರ ಜೀವನವೃತ್ತಿಯಾಯಿತು.

ಒಂದು ತಂತಿ, ಹಲವು ಮಾತು

1989ರಲ್ಲಿ ಅವರು ಬೆಂಗಳೂರಿನಲ್ಲಿ ಸಿಕ್ಸ್ ಎಂಬ ಬುಲೆಟಿನ್ ಬೋರ್ಡನ್ನು ಆರಂಭಿಸಿದರು. ಸಾರ್ವಜನಿಕರಿಗೆ ಅಂತರಜಾಲವೇ ಇಲ್ಲದಿದ್ದ ಆ ದಿನಗಳಲ್ಲಿ ಭಾರತದಲ್ಲಿ ಇಂಥ ಬೋರ್ಡುಗಳು ಬೆರಳೆಣಿಕೆಯಷ್ಟು ಮಾತ್ರ ಇದ್ದವು. ಇಂದಿನ ಓದುಗರಿಗೆ ಬುಲೆಟಿನ್ ಬೋರ್ಡ್ ಎಂದರೇನೆಂದು ಸ್ವಲ್ಪ ವಿವರಿಸಬೇಕಾದೀತು. ಒಬ್ಬರ ಮನೆಯಲ್ಲೋ ಕಚೇರಿಯಲ್ಲೋ ಒಂದು ಗಣಕವಿರುತ್ತದೆ. ಅದಕ್ಕೊಂದು ಮೋಡೆಮ್, ಮೋಡೆಮ್ಮಿಗೊಂದು ದೂರವಾಣಿ ತಂತಿ. ಊರಿನ ಇತರರು ತಮ್ಮ ಗಣಕದಿಂದ ಆ ಸಂಖ್ಯೆಗೆ ಕರೆಮಾಡಿ, ಒಳಹೊಕ್ಕು, ಹಿಂದೆ ಬಂದವರು ಬರೆದಿಟ್ಟ ಸಂದೇಶಗಳನ್ನು ಓದಿ, ತಮ್ಮದನ್ನೂ ಬರೆದು ಹೊರಬರುತ್ತಾರೆ. ಒಂದು ತಂತಿಗೆ ಒಂದು ಸಲ ಒಬ್ಬರು ಮಾತ್ರ. ಹಳ್ಳಿಯ ಅರಳಿಕಟ್ಟೆಗೆ ಸರದಿಯ ಮೇಲೆ ಒಬ್ಬೊಬ್ಬರಾಗಿ ಬಂದು, ಮಾತನ್ನು ಕಲ್ಲಿನ ಮೇಲೆ ಬರೆದಿಟ್ಟು ಹೋದಂತೆ.

ಈ ವ್ಯವಸ್ಥೆ ಮೊದಲು ಹುಟ್ಟಿದ್ದು ಅಮೆರಿಕದ ಶಿಕಾಗೋ ನಗರದಲ್ಲಿ, 1978ರ ಫೆಬ್ರವರಿಯಲ್ಲಿ. ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ಎಂಬ ಇಬ್ಬರು ಹವ್ಯಾಸಿಗಳು ಅದರ ಜನಕರು. ಹನ್ನೊಂದು ವರ್ಷಗಳ ನಂತರ ಬೆಂಗಳೂರಿನಲ್ಲಿ ಅದನ್ನು ನಡೆಸುವುದು ಸುಲಭದ ಕೆಲಸವೇನೂ ಆಗಿರಲಿಲ್ಲ. ದೂರವಾಣಿ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯುವ ಕಾಲವದು. ಮೋಡೆಮ್ ದುಬಾರಿ, ತಂತಿಯಲ್ಲಿ ಗದ್ದಲ. ಸಾಲದೆಂಬಂತೆ, 1994ರಲ್ಲಿ ದೂರಸಂಪರ್ಕ ಇಲಾಖೆಯು ಇಂಥ ಸೇವೆಗಳಿಗೆ ಭಾರೀ ಮೊತ್ತದ ವಾರ್ಷಿಕ ಪರವಾನಗಿ ಶುಲ್ಕ ವಿಧಿಸಲು ಮುಂದಾದಾಗ ದೇಶದ ಹವ್ಯಾಸಿ ಬೋರ್ಡುಗಳ ಅಸ್ತಿತ್ವಕ್ಕೇ ಕುತ್ತು ಬಂದಿತ್ತು.

ಬೋರ್ಡ್ ನಡೆಸುವವನಿಗೆ ಗಣಕದ ಜ್ಞಾನವೊಂದೇ ಸಾಲದು. ಯಾರು ಏನು ಬರೆಯಬಹುದು, ಜಗಳವಾದರೆ ಯಾರನ್ನು ಹೊರಗಿಡಬೇಕು, ಹೊಸಬರಿಗೆ ದಾರಿ ತೋರಿಸುವವರು ಯಾರು ಎಂಬುದನ್ನೆಲ್ಲ ಆತನೇ ತೀರ್ಮಾನಿಸಬೇಕು. ಮನೆಯ ಯಜಮಾನಿಕೆಯನ್ನು ಹೋಲುವ ಈ ಹೊಣೆಯನ್ನು ಚಿಟ್ನಿಸ್ ಕಲಿತದ್ದು ಸಿಕ್ಸ್‌ನಲ್ಲಿ. ಮುಂದೆ ಅವರು ಮಾಡಿದ ಎಲ್ಲ ಕೆಲಸಗಳಲ್ಲೂ ಅದರ ನೆರಳು ಕಾಣುತ್ತದೆ.

ಪತ್ರಿಕೆಯ ಜೊತೆ ಬಂದ ಲಿನಕ್ಸ್

ಗಣಕಾಸಕ್ತರ ನಡುವೆ ಅವರ ಹೆಸರು ದೇಶದಾದ್ಯಂತ ಹರಡಿದ್ದು ಪಿಸಿ ಕ್ವೆಸ್ಟ್ ಮಾಸಪತ್ರಿಕೆಯ ಮೂಲಕ. ಕಾಮ್‌ವರ್ಸೇಷನ್ಸ್ ಎಂಬ ಅಂಕಣವನ್ನು ಬರೆಯುತ್ತಿದ್ದ ಅವರು ಆ ಪತ್ರಿಕೆಯ ಸಲಹಾ ಸಂಪಾದಕರೂ ಆಗಿದ್ದರು. ಮೋಡೆಮ್, ಸಂಪರ್ಕ, ಸಂದೇಶ ರವಾನೆ ಮುಂತಾದ ಒಣ ವಿಷಯಗಳನ್ನು ಹರಟೆಯ ಧಾಟಿಯಲ್ಲಿ ಹೇಳುವ ಕಲೆ ಅವರಿಗೆ ಸಿದ್ಧಿಸಿತ್ತು.

1996ರಲ್ಲಿ ಅದೇ ಪತ್ರಿಕೆಯ ಲಿನಕ್ಸ್ ಅಭಿಯಾನಕ್ಕೆ ಅವರು ಚಾಲನೆ ನೀಡಿದರು. ಲಿನಕ್ಸ್ ಕಾರ್ಯವ್ಯವಸ್ಥೆಯನ್ನು ತುಂಬಿದ ಸಿಡಿಯನ್ನು ಪತ್ರಿಕೆಯ ಜೊತೆಯಲ್ಲೇ ಓದುಗರಿಗೆ ತಲುಪಿಸುವ ಯೋಜನೆಯದು. ಇದರ ಮಹತ್ವ ಅರಿಯಲು ಚಿಕ್ಕದೊಂದು ಲೆಕ್ಕ ಸಾಕು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತಾದರೂ ಸಂಪರ್ಕದ ವೇಗ ಬಹಳ ಕಡಿಮೆಯಿತ್ತು. ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ 650 ಮೆಗಾಬೈಟಿನ ಒಂದು ಸಿಡಿಯಷ್ಟು ಸರಕನ್ನು ಇಳಿಸಿಕೊಳ್ಳಲು, ತಂತಿ ಒಮ್ಮೆಯೂ ಕಡಿಯದಿದ್ದರೆ, ಆರು ದಿನಕ್ಕೂ ಹೆಚ್ಚು ಕಾಲ ಹಗಲಿರುಳು ಬೇಕು. ಆರು ದಿನದ ಆ ಅಡ್ಡಗೋಡೆಯನ್ನು ಪತ್ರಿಕೆ ಹಂಚುವ ಹುಡುಗನ ಸೈಕಲ್ ದಾಟಿಸಿತು. ಸಣ್ಣ ಊರುಗಳ ಕಾಲೇಜು ವಿದ್ಯಾರ್ಥಿಗಳ ಕೈಗೂ ಪೂರ್ಣ ಪ್ರಮಾಣದ ಕಾರ್ಯವ್ಯವಸ್ಥೆ, ಅದರ ಮೂಲ ಸಂಕೇತದ ಸಮೇತ, ಬಂದು ಬಿದ್ದಿತು.

ಅಂಚೆಯೋ, ಕಟ್ಟೆಯೋ

ಸಿಡಿ ಕೈಗೆ ಬಂದದ್ದೇ ಪ್ರಶ್ನೆಗಳ ಮಳೆ ಸುರಿಯತೊಡಗಿತು. ಮೋಡೆಮ್ ಓಡುತ್ತಿಲ್ಲ, ಪರದೆ ಕಪ್ಪಾಗಿದೆ, ಮುದ್ರಣಯಂತ್ರ ಮಿಸುಕುತ್ತಿಲ್ಲ. ಇವಕ್ಕೆ ಉತ್ತರ ಕೊಡುವವರು ಯಾರು? ತೊಂಬತ್ತರ ದಶಕದ ಕೊನೆಗೆ ದೇಶದ ಲಿನಕ್ಸ್ ಬಳಕೆದಾರರು ಇ-ಮೇಲ್ ಪಟ್ಟಿಗಳಲ್ಲಿ ಒಂದುಗೂಡಿದ್ದರು. ಬೆಂಗಳೂರಿನಲ್ಲಿಯೂ ಲಿನಕ್ಸ್ ಬಳಕೆದಾರರ ಗುಂಪು ರೂಪುಗೊಂಡಿತ್ತು. ಚಿಟ್ನಿಸ್ ಈ ಬಳಗದ ಎದ್ದುಕಾಣುವ ಮುಖಗಳಲ್ಲಿ ಒಬ್ಬರಾದರು.

ಇ-ಮೇಲ್ ಪಟ್ಟಿಯಲ್ಲಿ ಒಬ್ಬ ಕಳುಹಿಸಿದ ಪ್ರಶ್ನೆ ಎಲ್ಲ ಸದಸ್ಯರ ಪೆಟ್ಟಿಗೆಗೂ ತಾನಾಗಿ ಬಂದು ಸೇರುತ್ತದೆ. ಗಂಟೆಗಳ ಲೆಕ್ಕದಲ್ಲಿ ಅಂತರಜಾಲ ಕೊಳ್ಳಬೇಕಾಗಿದ್ದ ದಿನಗಳಲ್ಲಿ ಇದು ವರವೇ ಆಗಿತ್ತು. ಕೆಲವೇ ನಿಮಿಷ ಸಂಪರ್ಕ ಪಡೆದು, ಪತ್ರಗಳನ್ನೆಲ್ಲ ಇಳಿಸಿಕೊಂಡು, ತಂತಿ ಕಡಿದು, ಸಾವಧಾನವಾಗಿ ಓದಿ ಉತ್ತರ ಬರೆದಿಟ್ಟು, ಮತ್ತೆ ಸಂಪರ್ಕ ಸಿಕ್ಕಾಗ ಒಟ್ಟಿಗೆ ಕಳುಹಿಸಬಹುದಿತ್ತು. ಚಿತ್ರಗಳನ್ನು ತೋರಿಸದ, ಅಕ್ಷರ ಮಾತ್ರ ಮೂಡುವ ಅಗ್ಗದ ವಿದ್ಯಾರ್ಥಿ ಖಾತೆಗೂ ಇಷ್ಟು ಸಾಧ್ಯವಿತ್ತು. ಚರ್ಚೆಯ ಪ್ರತಿ ಪ್ರತಿಯೊಬ್ಬ ಸದಸ್ಯನ ಬಳಿಯೂ ಉಳಿಯುತ್ತಿದ್ದುದರಿಂದ, ನಡುವಿನ ಯಂತ್ರವೊಂದು ಕೆಟ್ಟರೂ ಮಾತು ಅಳಿಯುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ನಂತರ ಜಾಲತಾಣಗಳ ಚರ್ಚಾ ವೇದಿಕೆಗಳು ಹೆಚ್ಚಿದವು. ಇಲ್ಲಿ ಪತ್ರ ಮನೆಗೆ ಬಾರದು, ಓದುಗನೇ ಕಟ್ಟೆಗೆ ಹೋಗಬೇಕು. ಹೊಸಬರಿಗೆ ಇದು ಹಿತವೆನಿಸಿತು. ದಿನಕ್ಕೆ ನೂರು ಪತ್ರಗಳ ಹೊರೆ ಹೊರಬೇಕಿಲ್ಲ, ತನಗೆ ಬೇಕಾದ ವಿಷಯವನ್ನಷ್ಟೇ ತೆರೆದು ನೋಡಿ ಹೊರಡಬಹುದು. ಆದರೆ ಕಟ್ಟೆಯ ಒಡೆಯ ತಾಣವನ್ನು ಮುಚ್ಚಿದ ದಿನ ಅಲ್ಲಿನ ಮಾತೆಲ್ಲ ಮಣ್ಣುಪಾಲು. ಜೊತೆಗೆ ಬಂದವನು ಉತ್ತರ ಪಡೆದು ಹೊರಟರೆ ಮತ್ತೆ ಮರಳುವ ಖಾತರಿಯಿಲ್ಲ. ಪಟ್ಟಿಯಲ್ಲಿದ್ದವನಾದರೋ ಇಷ್ಟವಿರಲಿ ಇಲ್ಲದಿರಲಿ ಇತರರ ಕಷ್ಟಗಳನ್ನು ದಿನವೂ ಓದುತ್ತಿದ್ದ, ಒಂದು ದಿನ ತಾನೂ ಉತ್ತರ ಕೊಡುವವನಾಗುತ್ತಿದ್ದ.

ಪಟ್ಟಿಗಳಲ್ಲಿ ಎಲ್ಲವೂ ಸೊಗಸಾಗಿತ್ತೆಂದು ಇದರ ಅರ್ಥವಲ್ಲ. ಮುಖ ಕಾಣದ ಕಡೆ ನಾಲಿಗೆ ಉದ್ದವಾಗುವುದು ಸಹಜ. ವಾರಗಟ್ಟಲೆ ಎಳೆದಾಡಿದ ಜಗಳಗಳಿಗೆ ಲೆಕ್ಕವಿರಲಿಲ್ಲ. ಸ್ವತಃ ಚಿಟ್ನಿಸ್ ಅವರೂ ನಿಷ್ಠುರ ಮಾತಿಗೆ ಹೆಸರಾದವರು. ಅವರನ್ನು ಮೆಚ್ಚಿದವರಷ್ಟೇ ಅವರೊಡನೆ ಮುನಿಸಿಕೊಂಡವರೂ ಇದ್ದರು.

ಮುಖಾಮುಖಿಯ ಹಬ್ಬ

ಅಕ್ಷರದಲ್ಲಿ ಮಾತ್ರ ಪರಿಚಿತರಾದವರನ್ನು ಒಂದೇ ಸೂರಿನಡಿ ತರುವ ಸಾಹಸ ನಡೆದದ್ದು 2001ರ ಡಿಸೆಂಬರಿನಲ್ಲಿ. ಬೆಂಗಳೂರಿನ ಬಳಕೆದಾರರ ಗುಂಪಿನ ಸ್ವಯಂಸೇವಕರು ಚಿಟ್ನಿಸ್ ಅವರ ಮುಂದಾಳತ್ವದಲ್ಲಿ ಲಿನಕ್ಸ್ ಬೆಂಗಳೂರು ಸಮಾವೇಶವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ ಏರ್ಪಡಿಸಿದರು. ಯಶವಂತಪುರದ ಮಗ್ಗುಲಿನ ಆ ಆವರಣ ರಾಜಾನುಕುಂಟೆಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರ.

2005ರಲ್ಲಿ ಸಮಾವೇಶದ ವ್ಯಾಪ್ತಿ ಹಿಗ್ಗಿ, ಅದರ ಹೆಸರು ಫಾಸ್ ಡಾಟ್ ಇನ್ ಎಂದು ಬದಲಾಯಿತು. ಆ ವರ್ಷ ಅದು ನಡೆದದ್ದು ಬೆಂಗಳೂರು ಅರಮನೆಯ ಆವರಣದಲ್ಲಿ. ಲಿನಕ್ಸ್ ತಿರುಳಿನ ಪ್ರಮುಖ ಶಿಲ್ಪಿಗಳಲ್ಲಿ ಒಬ್ಬರಾದ ಬ್ರಿಟನ್ನಿನ ಅಲನ್ ಕಾಕ್ಸ್ ಅಲ್ಲಿಗೆ ಬಂದು ಮಾತನಾಡಿದರು. ನಂತರದ ವರ್ಷಗಳಲ್ಲಿ ಸಮಾವೇಶ ಮತ್ತೆ ವಿಜ್ಞಾನ ಸಂಸ್ಥೆಗೆ, ಅಲ್ಲಿಂದ ನಿಮ್ಹಾನ್ಸ್ ಸಮಾವೇಶ ಭವನಕ್ಕೆ ಸ್ಥಳಾಂತರಗೊಂಡಿತು.

ಜನ ಸೇರುತ್ತಿದ್ದರು, ಭಾಷಣಗಳಿಗೆ ಚಪ್ಪಾಳೆ ಬೀಳುತ್ತಿತ್ತು. ಅಷ್ಟಕ್ಕೆ ಚಿಟ್ನಿಸ್ ಅವರ ಮನಸ್ಸು ತೃಪ್ತವಾಗಲಿಲ್ಲ. ಜಗತ್ತಿನ ಮುಕ್ತ ತಂತ್ರಾಂಶವನ್ನು ಧಾರಾಳವಾಗಿ ಬಳಸುವ ಭಾರತ, ಅದಕ್ಕೆ ಮರಳಿ ಕೊಡುತ್ತಿರುವುದು ಬಹಳ ಕಡಿಮೆ ಎಂಬುದು ಅವರ ಕೊರಗಾಗಿತ್ತು. ಉಂಡವರು ಎಲೆ ಎತ್ತಲೂ ಕೈಜೋಡಿಸಬೇಕಲ್ಲವೇ? ಹೀಗಾಗಿ ಮುಂದಿನ ಸಮಾವೇಶಗಳಲ್ಲಿ ಭಾಷಣಗಳನ್ನು ಕಡಿತಗೊಳಿಸಿ, ಒಂದೊಂದು ಯೋಜನೆಯವರು ಕೂಡಿ ಕುಳಿತು ಸ್ಥಳದಲ್ಲೇ ಸಂಕೇತ ಬರೆಯುವ, ದೋಷ ತಿದ್ದುವ ಕಮ್ಮಟಗಳಿಗೆ ಹೆಚ್ಚು ಜಾಗ ನೀಡಲಾಯಿತು. ಕೇಳಿ ಹೋಗಲು ಬಂದವರಿಗೆ ಇದು ರುಚಿಸಲಿಲ್ಲ. ಆದರೂ ಸಂಘಟಕರು ಪಟ್ಟು ಸಡಿಲಿಸಲಿಲ್ಲ.

ಕೊನೆಯ ಸಮಾವೇಶ

ವೃತ್ತಿಯಲ್ಲಿ ತಂತ್ರಜ್ಞಾನ ಸಲಹೆಗಾರರಾಗಿದ್ದ ಚಿಟ್ನಿಸ್ ಗಿಟಾರ್ ನುಡಿಸುತ್ತ ಜಾನಪದ ಶೈಲಿಯ ಹಾಡುಗಳನ್ನು ಹಾಡುವ ಗಾಯಕರೂ ಆಗಿದ್ದರು. 2012ರ ಆಗಸ್ಟಿನಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಹಿಂದಿನ ವರ್ಷ ನಿಂತಿದ್ದ ಫಾಸ್ ಡಾಟ್ ಇನ್, ಆ ವರ್ಷದ ನವೆಂಬರ್ ಕೊನೆಯಲ್ಲಿ ಮತ್ತೆ ನಡೆಯಿತು. ಅದೇ ಕೊನೆಯದಾಯಿತು. 2013ರ ಜೂನ್ 3ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಆಗ ಅವರ ವಯಸ್ಸು 51.

ಅವರು ತೀರಿಕೊಳ್ಳುವ ವೇಳೆಗೆ ಪ್ರೋಗ್ರಾಮರುಗಳ ಹರಟೆಕಟ್ಟೆ ಮತ್ತೊಮ್ಮೆ ಜಾಗ ಬದಲಿಸಿತ್ತು. 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ಪ್ರಶ್ನೋತ್ತರಗಳನ್ನೂ ಅದೇ ವರ್ಷದ ಗಿಟ್‌ಹಬ್ ಸಂಕೇತ ಹಂಚಿಕೆಯನ್ನೂ ತಮ್ಮ ತೆಕ್ಕೆಗೆ ತೆಗೆದುಕೊಂಡಿದ್ದವು. ಇಷ್ಟಾದರೂ ಲಿನಕ್ಸ್ ತಿರುಳಿನ ತಿದ್ದುಪಡಿಗಳು ಇಂದಿಗೂ ಇ-ಮೇಲ್ ಪಟ್ಟಿಗಳಲ್ಲೇ ಚರ್ಚೆಯಾಗುತ್ತವೆ ಎಂಬುದು ಗಮನಾರ್ಹ.

ಚಿಟ್ನಿಸ್ ಅವರ ಬದುಕನ್ನು ಹಿಂತಿರುಗಿ ನೋಡಿದಾಗ ದೂರವಾಣಿ ಬೋರ್ಡು, ಇ-ಮೇಲ್ ಪಟ್ಟಿ, ಸಭಾಂಗಣ ಎಂಬ ಮೂರು ಕಟ್ಟೆಗಳು ಕಾಣುತ್ತವೆ. ಮೂರರಲ್ಲೂ ದೀಪ ಹಚ್ಚಿ, ಕಸ ಗುಡಿಸಿ, ಬಂದವರನ್ನು ಕೂರಿಸಿ, ಕೆಲವೊಮ್ಮೆ ಗದರಿಸಿ ನಡೆಸಿದವರು ಇದ್ದುದರಿಂದಲೇ ಅವು ಉಳಿದವು. ಅಂಥವರು ಹೋದ ಮೇಲೆ ಫಾಸ್ ಡಾಟ್ ಇನ್ ಮತ್ತೆ ಸೇರಲಿಲ್ಲ. ರಾಜಾನುಕುಂಟೆಯ ವಿದ್ಯಾರ್ಥಿಗೆ ಇಂದು ಸಿಗುವ ಉತ್ತರದ ಹಿಂದೆಯೂ ಎಲ್ಲೋ ಒಬ್ಬರು ಬಿಡುವು ಮಾಡಿಕೊಂಡು ಬರೆದ ನಾಲ್ಕು ಸಾಲುಗಳಿವೆ. ಪಡೆದುದರಲ್ಲಿ ಸ್ವಲ್ಪವನ್ನು ಆತ ಮರಳಿ ಬರೆದಿಟ್ಟರೆ ಚಿಟ್ನಿಸ್ ಅವರ ಕೊರಗು ಅಷ್ಟರಮಟ್ಟಿಗೆ ತಗ್ಗೀತು.